ಇಟ್ಟುಕೊಳ್ಳುವಂಥ ಗಾಡಿ ಕೊಳ್ಳಿ

ಕ್ಯಾರೆಟ್ಟಿಗೆ ನಾಲ್ಕು ಕಾಸು ಬೆಲೆ ಸಿಕ್ಕ ವರ್ಷ ನಮ್ಮ ಕೆತ್ತಿಯಲ್ಲಿ ಜಿಪ್ಸಿಯ ಮಾತು ಶುರುವಾಗುತ್ತದೆ. ಮೈಸೂರಿನಲ್ಲೊಂದು ಇದೆಯಂತೆ, ಗುಂಡ್ಲುಪೇಟೆಯಲ್ಲೊಂದು ಇದೆಯಂತೆ, ಮೇಟ್ಟುಪಾಳಯದ ಮಂಡಿ ದುಡ್ಡು ಕೈಯಲ್ಲಿರುವಾಗಲೇ ತಂದುಬಿಡೋಣ ಅಂತ ಹುಡುಗರ ಆತುರ. ಷೋಕಿ ತಪ್ಪು ಅಂತ ನಾನು ಹೇಳುವವನಲ್ಲ. ಆದರೆ ಎರಡೇ ವರ್ಷಕ್ಕೆ ಬೇಸತ್ತು ಅರ್ಧ ಬೆಲೆಗೆ ಮಾರುವ ಷೋಕಿ ರೈತನಿಗೆ ಗಿಟ್ಟುವುದಿಲ್ಲ.

ಮೊದಲು ಇಲ್ಲಿನ ಗಾಳಿಯನ್ನು ಲೆಕ್ಕಕ್ಕೆ ಹಿಡಿಯಿರಿ. ಕೆತ್ತಿ ಇರುವುದು ಸುಮಾರು 2,000 ಮೀಟರ್ ಎತ್ತರದಲ್ಲಿ. ಟರ್ಬೊ ಇಲ್ಲದ ಇಂಜಿನ್ ಇಷ್ಟು ಮೇಲೆ ಹೆಚ್ಚುಕಡಿಮೆ ಐದರಲ್ಲಿ ಒಂದು ಪಾಲು ಶಕ್ತಿ ಕಳೆದುಕೊಳ್ಳುತ್ತದೆ. ಮೈಸೂರಿನ ರಿಂಗ್ ರೋಡಿನಲ್ಲಿ ಹಾರಿದ ಗಾಡಿ ಇಲ್ಲಿ ಏದುಸಿರು ಬಿಟ್ಟರೆ ಮಾರಿದವನನ್ನು ಬಯ್ಯಬೇಡಿ. ಕಾರ್ಬುರೇಟರ್ ಗಾಡಿಯಾದರೆ ಗಾಳಿ ಕಮ್ಮಿ, ಪೆಟ್ರೋಲು ಮಾತ್ರ ಜಾಸ್ತಿ, ಕಪ್ಪು ಹೊಗೆ. ಜೆಟ್ ಬದಲಿಸಿ ಹೊಂದಿಸಬಲ್ಲ ಮೆಕ್ಯಾನಿಕ್ ಹತ್ತಿರದಲ್ಲಿದ್ದರೆ ಮಾತ್ರ ಅದನ್ನು ತನ್ನಿ. ಎಂಪಿಎಫ್‌ಐ ಇಂಜಿನ್ ಮಿಶ್ರಣವನ್ನು ತಾನೇ ಸರಿಮಾಡಿಕೊಳ್ಳುತ್ತದೆ, ಕಳೆದ ಶಕ್ತಿಯನ್ನು ವಾಪಸು ತರುವುದಿಲ್ಲ.

1985ರಲ್ಲಿ ಬಂದ ಜಿಪ್ಸಿ 2019ರ ಹೊತ್ತಿಗೆ ನಮ್ಮಂಥವರಿಗೆ ಹೊಸದಾಗಿ ಸಿಗುವುದು ನಿಂತಿತು. ಅಂದಿನಿಂದ ಹಳೆಯದಕ್ಕೇ ದೊರೆತನ. ಅದರ ಶತ್ರು ತುಕ್ಕು. ನಮ್ಮಲ್ಲಿ ವರ್ಷಕ್ಕೆ ಎರಡು ಮಳೆಗಾಲ, ಮೇಲೆ ಮಂಜು ಬೇರೆ. ಹೊಸ ಪೇಂಟ್ ನೋಡಿ ಮರುಳಾಗದೆ ಮ್ಯಾಟ್ ಎತ್ತಿ, ಅಡಿಯಲ್ಲಿ ಮಲಗಿ, ಚಾಸಿಗೆ ಸ್ಕ್ರೂಡ್ರೈವರ್ ಒತ್ತಿ ನೋಡಿ. ಇಂಜಿನ್ ಕೆಟ್ಟರೆ ಬಿಚ್ಚಿ ಕಟ್ಟಬಹುದು, ಚಾಸಿ ತಿಂದುಹೋದರೆ ಮುಗೀತು.

ನನ್ನ ಓಟು ಹಳೇ ಮಹೀಂದ್ರ ಡೀಸೆಲ್ ಜೀಪಿಗೆ. ನಿಧಾನ, ಗಲಾಟೆ, ಕೂತರೆ ಸೊಂಟ ನೋವು, ಎಲ್ಲಾ ನಿಜ. ಆದರೆ ಅದರ ತಗಡನ್ನು ಯಾವ ಟಿಂಕರಿನವನೂ ತಟ್ಟಿ ಕೊಡುತ್ತಾನೆ, ಸಾಮಾನಿಗೆ ಕೊಯಮತ್ತೂರು ದೂರವಲ್ಲ. ಭಾನುವಾರ ಊಟಿಗೆ ಹೋದ ಜೀಪೇ ಸೋಮವಾರ ಗೊಬ್ಬರದ ಮೂಟೆ ಹೊತ್ತರೆ ಮನೆಯಾಕೆಯೂ ಸುಮ್ಮನಿರುತ್ತಾಳೆ!

ಒಂದು ಮಾತು ಹುಡುಗರಿಗೆ. ಕಲ್ಲಟ್ಟಿ ಘಾಟಿನಲ್ಲಿ 36 ತಿರುವು. ಡೀಸೆಲ್ ಉಳಿಸಲು ನ್ಯೂಟ್ರಲ್‌ನಲ್ಲಿ ಇಳಿಯುವುದು ಶುದ್ಧ ಹುಚ್ಚು. ಇಂಜಿನ್ನಿನ ತಡೆ ಇಲ್ಲದಿದ್ದರೆ ಬ್ರೇಕ್ ಕಾದು ಹಿಡಿತ ಬಿಡುತ್ತದೆ. ಕೊಳ್ಳುವಾಗ ಟ್ರಯಲನ್ನು ಬಯಲಿನಲ್ಲಿ ನೋಡಿದರೆ ಸಾಲದು, ಇಂಥ ಇಳಿಜಾರಿನಲ್ಲಿ ಎರಡನೇ ಗೇರು ಹಾಕಿ ನೋಡಬೇಕು.

ಕಾಗದಪತ್ರದ ವಿಷಯ ಗಡಿಯವರಾದ ನಮಗೆ ಇನ್ನೂ ಮುಖ್ಯ. ಕೆಎ ನಂಬರಿನ ಗಾಡಿಯನ್ನು ಹನ್ನೆರಡು ತಿಂಗಳಿಗೂ ಹೆಚ್ಚು ಇಲ್ಲೇ ಇಟ್ಟುಕೊಂಡರೆ ಟಿಎನ್ 43 ಮಾಡಿಸಲೇಬೇಕು. ಅದಕ್ಕೆ ಅಲ್ಲಿನ ಆರ್‌ಟಿಓದ ಎನ್‌ಒಸಿ ಬೇಕು, ಇಲ್ಲಿ ತೆರಿಗೆ ಕಟ್ಟಬೇಕು. ಹದಿನೈದು ವರ್ಷ ದಾಟಿದ ಕಾರಿನ ನೋಂದಣಿ ನವೀಕರಣ ಶುಲ್ಕ 2022ರ ಏಪ್ರಿಲ್‌ನಿಂದ 600 ರೂಪಾಯಿ ಇದ್ದದ್ದು 5,000 ಆಯಿತು. ಇಪ್ಪತ್ತು ದಾಟಿದ್ದಕ್ಕೆ 2025ರ ಆಗಸ್ಟ್‌ನಲ್ಲಿ 10,000 ಮಾಡಿದರು. ಚೌಕಾಸಿ ಮಾಡುವಾಗ ಇದನ್ನೆಲ್ಲ ಬೆಲೆಯಲ್ಲಿ ಮುರಿದುಕೊಳ್ಳಿ. ಎನ್‌ಒಸಿ ಆಮೇಲೆ ಕಳಿಸುತ್ತೇನೆ ಅನ್ನುವವನಿಗೆ ಪೂರ್ತಿ ಹಣ ಕೊಡಬೇಡಿ.