ಕೈ ಬದಲಾದಾಗ ಗೊಂಬೆಯ ಗುಣ

ಗೊಂಬೆಯಾಟ ನೋಡಿ ಬಂದ ಹಿರಿಯರ ಬಾಯಲ್ಲಿ ತಪ್ಪದೆ ಕೇಳಿಬರುವ ಮಾತೊಂದಿದೆ: “ಮೊದಲಿನವರು ಆಡಿಸಿದ ಹಾಗಿಲ್ಲ.” ಗೊಂಬೆ ಅದೇ, ಉಡುಪು ಅದೇ, ಪ್ರಸಂಗವೂ ಅದೇ. ಆದರೂ ಹಿಂದೆ ಗಂಭೀರನಾಗಿದ್ದ ಭೀಮ ಈಗ ದುಡುಕುತ್ತಾನೆ, ಚೂಟಿಯಾಗಿದ್ದ ಹಾಸ್ಯಗಾರ ಮಂಕಾಗಿದ್ದಾನೆ ಎಂಬುದು ಅವರ ಆಕ್ಷೇಪ. ಇದರಲ್ಲಿ ನಿಜಾಂಶವಿದೆ. ಆಡಿಸುವ ಕೈ ಬದಲಾದರೆ ಗೊಂಬೆಯ ಗುಣವೂ ಬದಲಾಗುತ್ತದೆ. ಆದರೆ ಅದನ್ನು ದೋಷವೆಂದು ಎಣಿಸುವುದು ಸರಿಯಲ್ಲವೆಂಬುದು ನನ್ನ ಅಭಿಪ್ರಾಯ. ಕಾರಣಗಳನ್ನು ಹೇಳುತ್ತೇನೆ, ಒಪ್ಪುವುದು ಬಿಡುವುದು ಓದುಗರಿಗೆ ಸೇರಿದ್ದು.

ಕುಂದಾಪುರ ತಾಲ್ಲೂಕಿನ ಉಪ್ಪಿನಕುದ್ರುವಿನ ಸೂತ್ರದ ಗೊಂಬೆಗಳನ್ನು ಬಲ್ಲವರು ಬಹಳ. ಬಡಗುತಿಟ್ಟಿನ ಯಕ್ಷಗಾನದ ವೇಷ ತೊಟ್ಟ ಆ ಮರದ ಗೊಂಬೆಗಳು ತಲೆಮಾರಿನಿಂದ ತಲೆಮಾರಿಗೆ ಒಂದೇ ಮನೆತನದಲ್ಲಿ ಇಳಿದು ಬಂದಿವೆ. ದೇಶ ವಿದೇಶಗಳಲ್ಲಿ ಅವುಗಳನ್ನು ಕುಣಿಸಿದ ಕೊಗ್ಗ ಕಾಮತರು 2003ರಲ್ಲಿ ತೀರಿಕೊಂಡರು. ಅವರ ಮಗ ಭಾಸ್ಕರ ಕೊಗ್ಗ ಕಾಮತರು ಆ ಪರಂಪರೆಯನ್ನು ಮುಂದುವರಿಸಿದವರು. ಸೂತ್ರದ ಗೊಂಬೆಗೆ ಮುಖಭಾವವಿಲ್ಲ. ಕೆತ್ತಿದ ಮುಖ ಕೆತ್ತಿದಂತೆಯೇ ಇರುತ್ತದೆ. ಕೋಪ, ನಾಚಿಕೆ, ಗರ್ವ ಎಲ್ಲವೂ ತಲೆಯ ಓಲಾಟದಿಂದ, ಕೈ ಎತ್ತುವ ವೇಗದಿಂದ, ಹೆಜ್ಜೆಗೂ ತಾಳಕ್ಕೂ ನಡುವೆ ಉಳಿಯುವ ಕೂದಲೆಳೆಯ ಅಂತರದಿಂದ ಹುಟ್ಟಬೇಕು. ಇವೆಲ್ಲ ಆಡಿಸುವವನ ಮಣಿಕಟ್ಟಿನ ಗುಣಗಳು. ತಂದೆಯ ಮಣಿಕಟ್ಟು ಮಗನಿಗೆ ಬರುವುದಿಲ್ಲ. ಭಾಗವತರ ಪದ, ಮದ್ದಳೆಯ ನಡೆ, ವೇಷದ ಕಟ್ಟುಪಾಡು ಇವು ಮಾತ್ರ ಬರುತ್ತವೆ. ಪಾತ್ರವನ್ನು ಹಳಿ ತಪ್ಪದಂತೆ ಹಿಡಿದಿಡುವುದು ಇವು.

ತೊಗಲುಗೊಂಬೆಯಲ್ಲಿ ಈ ವ್ಯತ್ಯಾಸ ಇನ್ನೂ ಸ್ಪಷ್ಟ. ಅಲ್ಲಿ ರಾಮ, ಲಕ್ಷ್ಮಣ, ರಾವಣರು ಕಥೆಗೆ ಕಟ್ಟುಬಿದ್ದವರು. ಯಾರು ಆಡಿಸಿದರೂ ರಾಮ ಕಾಡಿಗೆ ಹೋಗಲೇಬೇಕು. ಕಿಳ್ಳೇಕ್ಯಾತನೆಂಬ ಹಾಸ್ಯಗಾರನಿಗಾಗಲಿ ಅವನ ಹೆಂಡತಿ ಬಂಗಾರಕ್ಕನಿಗಾಗಲಿ ಆ ಕಟ್ಟಿಲ್ಲ. ಅವರ ಜಗಳ, ಪೋಲಿ ಮಾತು, ಊರ ಗೌಡನ ಮೇಲಿನ ಕುಟುಕು ಎಲ್ಲವೂ ಅಂದಂದಿಗೆ, ಆ ಊರಿಗೆ ತಕ್ಕಂತೆ, ಆಡಿಸುವವನ ನಾಲಿಗೆಯಲ್ಲೇ ಹುಟ್ಟುವಂಥವು. ಹೀಗಾಗಿ ಕೈ ಬದಲಾದಾಗ ದೇವರ ಗೊಂಬೆ ಸ್ವಲ್ಪ ಬದಲಾದರೆ ಹಾಸ್ಯದ ಗೊಂಬೆ ಪೂರ್ತಿ ಬದಲಾಗುತ್ತದೆ. ಒಬ್ಬನ ಕಿಳ್ಳೇಕ್ಯಾತ ಹೆಂಡತಿಗೆ ಹೆದರುವವನು, ಇನ್ನೊಬ್ಬನ ಕಿಳ್ಳೇಕ್ಯಾತ ಜಗಳಗಂಟ. ಇಬ್ಬರೂ ಕಿಳ್ಳೇಕ್ಯಾತರೇ. ಬಳ್ಳಾರಿಯ ಬೆಳಗಲ್ಲು ವೀರಣ್ಣನವರು ನಾಟಕದ ನಟರಾಗಿದ್ದು ತೊಗಲುಗೊಂಬೆಗೆ ಬಂದವರು. ರಾಮಾಯಣ ಬೆಳಗುತ್ತಿದ್ದ ಪರದೆಯ ಮೇಲೆ ಅವರು ಗಾಂಧೀಜಿಯನ್ನೂ ಸ್ವಾತಂತ್ರ್ಯ ಹೋರಾಟವನ್ನೂ ತಂದರು. 2023ರಲ್ಲಿ ಅವರು ನಿಧನರಾದಾಗ ಸಂಪ್ರದಾಯ ಕೆಡಿಸಿದವರೆಂದು ಯಾರೂ ಹೇಳಲಿಲ್ಲ, ಉಳಿಸಿದವರೆಂದೇ ನೆನೆದರು.

ಕನ್ನಡ ಓದಿದವರಿಗೆ ಇದು ಹೊಸ ಸಂಗತಿಯಾಗಬಾರದು. ಹತ್ತನೆಯ ಶತಮಾನದ ಪಂಪ, ರನ್ನರೂ ಅವರ ಅನಂತರ ಬಂದ ಕುಮಾರವ್ಯಾಸನೂ ಎತ್ತಿಕೊಂಡದ್ದು ಒಂದೇ ಭಾರತ. ಆದರೂ ತರಗತಿಯಲ್ಲಿ ರನ್ನನ ದುರ್ಯೋಧನನನ್ನು ಕಂಡು ಮರುಗಿದ ಮಕ್ಕಳೇ ಕುಮಾರವ್ಯಾಸನ ಕೌರವನನ್ನು ಕಂಡು ಸಿಟ್ಟಾಗುತ್ತಿದ್ದರು. ಯಾವನು ನಿಜವಾದ ದುರ್ಯೋಧನ ಎಂದು ಕೇಳಿದ ಹುಡುಗನಿಗೆ ಇಬ್ಬರೂ ನಿಜವೆಂದೇ ನಾನು ಉತ್ತರಿಸುತ್ತಿದ್ದೆ. ಕವಿಗೆ ಕೊಡುವ ಈ ಸಲುಗೆಯನ್ನು ಸೂತ್ರ ಹಿಡಿದವನಿಗೆ ಕೊಡಲು ನಮಗೇಕೆ ಹಿಂಜರಿಕೆ?

ನಾನಿರುವ ಬೆನ್ಸನ್ ಟೌನಿನಲ್ಲಿ ತಮಿಳು, ಉರ್ದು, ಇಂಗ್ಲಿಷ್ ಕಿವಿಗೆ ಬೀಳುವಷ್ಟು ಕನ್ನಡ ಬೀಳುವುದಿಲ್ಲ. ಇಲ್ಲಿನ ಮಕ್ಕಳಿಗೆ ಗೊಂಬೆಯೆಂದರೆ ಅಮೆರಿಕದ ಕರ್ಮಿಟ್ ಎಂಬ ಹಸಿರು ಕಪ್ಪೆ. 1955ರಲ್ಲಿ ಜಿಮ್ ಹೆನ್ಸನ್ ಮಾಡಿದ ಆ ಗೊಂಬೆ ಬಟ್ಟೆಯದು. ಒಳಗೆ ತೂರಿಸಿದ ಅಂಗೈ ಮಡಚಿದಂತೆ ಮುಖ ಕಿವುಚುತ್ತದೆ. ಆಡಿಸುವವನ ಕೈಯೇ ಅದರ ಮುಖ. 1990ರಲ್ಲಿ ಹೆನ್ಸನ್ ತೀರಿಕೊಂಡ ಮೇಲೆ ಸ್ಟೀವ್ ವಿಟ್ಮೈರ್, 2017ರಿಂದ ಮ್ಯಾಟ್ ವೋಗಲ್ ಅದನ್ನು ಆಡಿಸಿದರು. ಪ್ರತಿ ಸಲವೂ “ಇದು ನಮ್ಮ ಕಪ್ಪೆಯಲ್ಲ” ಎಂದು ಅಭಿಮಾನಿಗಳು ಮುನಿದರು. ಚಿಕ್ಕ ಮಕ್ಕಳಿಗೆ ಮಾತ್ರ ಅದು ಅವರ ಕಪ್ಪೆಯೇ ಆಗಿತ್ತು.

ಅಲ್ಲಿನದೇ ಇನ್ನೊಂದು ನಿದರ್ಶನ ನನಗೆ ಹೆಚ್ಚು ಪ್ರಿಯ. 1969ರಲ್ಲಿ ಆರಂಭವಾದ ‘ಸೆಸಮಿ ಸ್ಟ್ರೀಟ್’ ಕಾರ್ಯಕ್ರಮದ ದೊಡ್ಡ ಹಳದಿ ಹಕ್ಕಿಯನ್ನು ಮೊದಲು ಹಳ್ಳಿಯ ಪೆದ್ದನಂತೆ ಕಲ್ಪಿಸಲಾಗಿತ್ತು. ಅದನ್ನು ಆಡಿಸುತ್ತಿದ್ದ ಕ್ಯಾರೊಲ್ ಸ್ಪಿನ್ನಿ ಇದು ಪೆದ್ದನಲ್ಲ, ಇನ್ನೂ ಕಲಿಯುತ್ತಿರುವ ಮಗು ಎಂದು ಕಂಡುಕೊಂಡರು. ಅಲ್ಲಿಂದ ಆ ಹಕ್ಕಿಯ ಗುಣವೇ ಬೇರೆಯಾಯಿತು. ಗೊಂಬೆಯ ಸ್ವಭಾವ ಒಬ್ಬನ ಕೈಯಲ್ಲೇ ಇಷ್ಟು ಬದಲಾಗುವುದಾದರೆ, ಕೈ ಬದಲಾದ ಮೇಲೂ ಅದು ಕದಲಬಾರದೆನ್ನುವುದು ಯಾವ ನ್ಯಾಯ?

ಹಾಗೆಂದು ಹೊಸಬನಿಗೆ ಎಲ್ಲವೂ ಸಲ್ಲುತ್ತದೆಂದು ನಾನು ಹೇಳುತ್ತಿಲ್ಲ. ಗೊಂಬೆ ಯಾವುದನ್ನು ಎಂದೂ ಮಾಡದೆಂಬುದನ್ನು ಅವನು ಮೊದಲು ಕಲಿಯಬೇಕು. ಕಿಳ್ಳೇಕ್ಯಾತ ಯಾರನ್ನೂ ಗೇಲಿ ಮಾಡಬಹುದು, ಆದರೆ ಉಪದೇಶ ಮಾಡಕೂಡದು. ಮಾಡಿದ ಕ್ಷಣ ಅವನು ಕಿಳ್ಳೇಕ್ಯಾತನಾಗಿ ಉಳಿಯುವುದಿಲ್ಲ. ಇಂಥ ಮೇರೆಗಳನ್ನು ಅರಿತವನು ಹಿಂದಿನವನ ದನಿಯನ್ನು ಅಣಕಿಸಬೇಕಿಲ್ಲ. ಬರಿಯ ಅನುಕರಣೆಯಿಂದ ಸತ್ತವರ ನೆನಪು ಬರುತ್ತದೆಯೇ ಹೊರತು ಗೊಂಬೆಗೆ ಜೀವ ಬರುವುದಿಲ್ಲ.

ನನ್ನನ್ನು ಕಾಡುವ ಚಿಂತೆ ಬೇರೆ. ಕೊಪ್ಪಳ ಜಿಲ್ಲೆಯ ಮೋರನಾಳದ ಭೀಮವ್ವ ದೊಡ್ಡಬಾಳಪ್ಪ ಶಿಳ್ಳೇಕ್ಯಾತರ ಅವರಿಗೆ 2025ರಲ್ಲಿ ಪದ್ಮಶ್ರೀ ಪ್ರಕಟವಾದಾಗ ಅವರಿಗೆ ತೊಂಬತ್ತು ದಾಟಿತ್ತು. ಅವರನ್ನು ಸನ್ಮಾನಿಸಿದ್ದು ಸಂತೋಷ. ಆದರೆ ಗೊಂಬೆಯಾಡಿಸುತ್ತಿದ್ದ ಕುಟುಂಬಗಳ ಎಷ್ಟೋ ಮಕ್ಕಳು ಹೊಟ್ಟೆಪಾಡಿಗಾಗಿ ಬೇರೆ ಕೆಲಸ ಹಿಡಿದಿದ್ದಾರೆ, ಎಷ್ಟೋ ಗೊಂಬೆಗಳು ವಸ್ತುಸಂಗ್ರಹಾಲಯದ ಗಾಜಿನೊಳಗೆ ಸೇರಿವೆ. ಅಲ್ಲಿರುವ ಕಿಳ್ಳೇಕ್ಯಾತನ ಗುಣ ಎಂದಿಗೂ ಬದಲಾಗದು. ಶುದ್ಧ ಸಂಪ್ರದಾಯ ಬೇಕೆಂದು ಹಟ ಹಿಡಿಯುವವರು ಇದನ್ನು ಯೋಚಿಸಬೇಕು.

ಹಿರಿಯರು ಗಟ್ಟಿಯಿರುವಾಗಲೇ ಕಿರಿಯರ ಕೈಗೆ ಗೊಂಬೆ ಸಿಗಬೇಕು. ಅವರು ಎಡವುವುದನ್ನು ಹಿರಿಯರು ಪಕ್ಕದಲ್ಲಿ ನಿಂತು ನೋಡಬೇಕು. ಶಾಲೆಗಳು ವರ್ಷಕ್ಕೊಂದು ಆಟವನ್ನಾದರೂ ಸಂಭಾವನೆ ಕೊಟ್ಟು ಕರೆಸಬೇಕು. ನಮ್ಮ ದಂಡುಪ್ರದೇಶದ ಶಾಲೆಗೂ ಕಿಳ್ಳೇಕ್ಯಾತ ಬರಲಿ. ಶಿವಾಜಿನಗರದ ಬೆರಕೆ ಮಾತು ಕಲಿತು ರಸ್ತೆಯ ಗುಂಡಿಯನ್ನೋ ಮೇಷ್ಟರ ಬೋಳುತಲೆಯನ್ನೋ ಹಾಸ್ಯ ಮಾಡಲಿ. ಮೊದಲಿನ ಹಾಗಿಲ್ಲವೆಂದು ಯಾರಾದರೂ ಗೊಣಗಿದರೆ ಗೊಣಗಲಿ. ಆಟ ನಡೆಯುತ್ತಿದ್ದರೆ ತಾನೇ ಗೊಣಗುವುದು!