ಸಿಂಧನೂರಿನಲ್ಲಿ ವೀಗನ್ ಹೋಟೆಲ್ ಎಲ್ಲಿದೆ?

ಇಂಟರ್ನ್‌ಶಿಪ್ಪಿಗೆ ಅಂತ ಬರ್ಲಿನ್‌ಗೆ ಹೋಗೋ ಸೀನಿಯರ್‌ಗಳು ಮೊದಲ ವಾರದಲ್ಲೇ ಗ್ರೂಪಿಗೆ ಹಾಕೋ ಫೋಟೋ ಯಾವುದು ಅಂತ ನಮಗೆಲ್ಲ ಗೊತ್ತು. ಬಾಗಿಲ ಮೇಲೆ 'ವೀಗನ್' ಅಂತ ಬರೆದಿರೋ ಪುಟ್ಟ ಹೋಟೆಲ್, ಮೆನುವಿನಲ್ಲಿ ತಿಂಡಿಯ ಪಕ್ಕ ಹಸಿರು ಎಲೆಯ ಗುರುತು, ಕಾಫಿಗೆ ಓಟ್ಸ್ ಹಾಲು. 'ಹ್ಯಾಪಿಕೌ' ಅನ್ನೋ ಆಪ್ ತೆರೆದರೆ ಆ ಊರಿನ ನಕ್ಷೆ ತುಂಬಾ ಚುಕ್ಕಿಗಳು. ಕೆಳಗೆ ಕಾಮೆಂಟು: "ನಮ್ಮ ಕಡೆ ಇದೆಲ್ಲ ಯಾವಾಗ ಬರುತ್ತೋ!"

ನಾವು ಹೇಳೋದು ಇಷ್ಟೇ: ನಮ್ಮ ಕಡೆ ಬರಬೇಕಾಗಿರೋದು ಊಟ ಅಲ್ಲ, ಗುರುತು. ಊಟ ಮೊದಲಿನಿಂದಲೂ ಇದೆ. ಅದನ್ನ ನೋಡೋಕೆ ಬರ್ಲಿನ್ ವೀಸಾ ಬೇಕಿಲ್ಲ. ರಾಯಚೂರು ಜಿಲ್ಲೆಯ ಸಿಂಧನೂರು, ಮಸ್ಕಿ, ಲಿಂಗಸುಗೂರು ಸಾಕು. ಮೂರೂ ಊರು ಒಂದೇ 150ಎ ಹೆದ್ದಾರಿಯ ಮೇಲಿವೆ. ಕೆಂಪು ಬಸ್ಸಿನಲ್ಲಿ ಒಂದೇ ದಿನದಲ್ಲಿ ಮೂರನ್ನೂ ಮುಟ್ಟಿ ಬರಬಹುದು. ನಮ್ಮ ಬಳಗದಲ್ಲಿ ಆ ಕಡೆಯವರೂ ಇದ್ದಾರೆ, ಹಾಲು ಬಿಟ್ಟವರೂ ಇದ್ದಾರೆ. ಹಾಗಾಗಿ ಈ ವಿಷಯ ನಮಗೆ ಬರೀ ಚರ್ಚೆಯ ವಸ್ತು ಅಲ್ಲ, ದಿನಕ್ಕೆ ಮೂರು ಹೊತ್ತಿನ ಪ್ರಶ್ನೆ.

ಮೊದಲು ಪದ ಸ್ಪಷ್ಟ ಮಾಡಿಕೊಳ್ಳೋಣ. ವೀಗನ್ ಅಂದ್ರೆ ಪ್ರಾಣಿಯಿಂದ ಬಂದಿದ್ದು ಯಾವುದೂ ಬೇಡ ಅನ್ನೋರು. ಮಾಂಸ, ಮೊಟ್ಟೆ ಮಾತ್ರ ಅಲ್ಲ, ಹಾಲು, ಮೊಸರು, ತುಪ್ಪ, ಜೇನೂ ಬೇಡ. 1944ರಲ್ಲಿ ಇಂಗ್ಲೆಂಡಿನ ಡೊನಾಲ್ಡ್ ವಾಟ್ಸನ್ ಮತ್ತು ಅವರ ಗೆಳೆಯರು 'ವೆಜಿಟೇರಿಯನ್' ಪದದ ತಲೆ ಬಾಲ ಕೂಡಿಸಿ ಈ ಹೆಸರು ಕಟ್ಟಿದರು. ನಮ್ಮಲ್ಲಿ 'ವೆಜ್' ಅಂದ್ರೆ ಹಾಲು ಇದ್ದೇ ಇರುತ್ತೆ. ಬಿಸ್ಕತ್ ಪೊಟ್ಟಣದ ಹಸಿರು ಚುಕ್ಕಿ ಹಾಲಿನ ಬಗ್ಗೆ ಏನೂ ಹೇಳಲ್ಲ. ಅದಕ್ಕೇ ಎಫ್‌ಎಸ್‌ಎಸ್‌ಎಐ 2022ರಲ್ಲಿ ವೀಗನ್ ಆಹಾರಕ್ಕೆ ಬೇರೆ ನಿಯಮ, ಬೇರೆ ಗುರುತು ತಂದಿತು. ಆದರೆ ಆ ಗುರುತು ಬರೋದು ಪೊಟ್ಟಣದ ಮೇಲೆ. ಖಾನಾವಳಿಯ ತಟ್ಟೆಗೆ ಯಾರೂ ಗುರುತು ಒತ್ತಲ್ಲ.

ಈಗ ಆ ತಟ್ಟೆಯನ್ನೇ ನೋಡಿ. ಜೋಳದ ರೊಟ್ಟಿ: ಹಿಟ್ಟು, ಕುದಿಯೋ ನೀರು, ಬಡಿಯೋ ಕೈ. ಮೈದಾ, ಗೋಧಿಯಲ್ಲಿರೋ ಗ್ಲುಟೆನ್ ಜೋಳದಲ್ಲಿಲ್ಲ, ಹಾಗಾಗಿ ಹಿಟ್ಟು ಹಿಗ್ಗಲ್ಲ. ಬಿಸಿನೀರು ಹಾಕಿದಾಗ ಪಿಷ್ಟ ಅರ್ಧ ಬೆಂದು ಅಂಟಾಗುತ್ತೆ, ಆ ಅಂಟಿನ ಮೇಲೇ ರೊಟ್ಟಿ ನಿಂತಿರೋದು. ಬೆಣ್ಣೆ, ಹಾಲು ಯಾವುದೂ ಬೇಕಿಲ್ಲ. ಅದರ ಪಕ್ಕ ಬದನೆಕಾಯಿ ಎಣ್ಣೆಗಾಯಿ, ಒಳಗೆ ಶೇಂಗಾ, ಎಳ್ಳು, ಹುಣಸೆ, ಖಾರ. ಹಿಟ್ಟಿನ ಜುಣಕ ಅಂದ್ರೆ ಕಡಲೆಹಿಟ್ಟು, ಉಳ್ಳಾಗಡ್ಡಿ, ಒಗ್ಗರಣೆ. ಮಡಕಿ ಕಾಳಿನ ಪಲ್ಯ. ಸಿಕ್ಕರೆ ಪುಂಡಿಪಲ್ಯ, ಹುಳಿಗೆ ಹಲ್ಲು ಚುರ್ ಅನ್ನೋ ಹಾಗೆ. ಶೇಂಗಾ ಹಿಂಡಿ, ಅಗಸಿ ಹಿಂಡಿ, ಗುರೆಳ್ಳು ಹಿಂಡಿ. ಕಡಿಯೋಕೆ ಹಸಿ ಉಳ್ಳಾಗಡ್ಡಿ, ಮೂಲಂಗಿ, ಮೆಂತೆ ತಪ್ಪಲ. ಇಲ್ಲೀತನಕ ಒಂದು ಹನಿ ಹಾಲು ಬಂದಿಲ್ಲ.

ಹಸಿವಿಗೂ ಸರಿ, ಲೆಕ್ಕಕ್ಕೂ ಸರಿ. ಜೋಳದಲ್ಲಿ ಲೈಸಿನ್ ಅನ್ನೋ ಅಮೈನೋ ಆಮ್ಲ ಕಡಿಮೆ. ಬೇಳೆಕಾಳುಗಳಲ್ಲಿ ಅದು ಚೆನ್ನಾಗಿದೆ. ರೊಟ್ಟಿ ಮತ್ತು ಕಾಳು ಜತೆಯಾದಾಗ ಒಂದರ ಕೊರತೆ ಇನ್ನೊಂದು ತುಂಬುತ್ತೆ. ಅಗಸಿಯಲ್ಲಿ ಒಮೆಗಾ-3 ಬಗೆಯ ಕೊಬ್ಬು ಇದೆ. ಇದನ್ನೇ ಯಾರಾದ್ರೂ ಬಟ್ಟಲಲ್ಲಿ ಜೋಡಿಸಿ, ಮೇಲೆ ಎಳ್ಳು ಉದುರಿಸಿ, 'ಬೌಲ್' ಅಂತ ಹೆಸರಿಟ್ಟರೆ ನಾವು ಮೂರು ಪಟ್ಟು ಕೊಟ್ಟು ತಿಂತೀವಿ. ಬೆಳಗ್ಗೆ ಆದ್ರೆ ಮಂಡಕ್ಕಿ ಒಗ್ಗರಣಿ, ಮಿರ್ಚಿ. ಅದೂ ಹೆಚ್ಚಿನ ಕಡೆ ಹಾಲಿಲ್ಲದ್ದೇ.

ಹಾಗಂತ ಕಣ್ಣು ಮುಚ್ಚಿ ತಿನ್ನೋ ಹಾಗಿಲ್ಲ. ಹಾಲು ಒಳಗೆ ಬರೋ ದಾರಿಗಳಿವೆ. ಚಪಾತಿಗೆ ಸವರೋ ತುಪ್ಪ, ಕೇಳದೇ ಇಡೋ ಮೊಸರಿನ ಬಟ್ಟಲು, ಮಜ್ಜಿಗೆ ಹಾಕಿದ ಕಡಿ, ಸೌತೆಕಾಯಿ ಪಚಡಿ, ಹೋಳಿಗೆಯ ಮೇಲಿನ ತುಪ್ಪ. ಹೆದ್ದಾರಿ ಪಕ್ಕದ ಢಾಬಾಗಳಲ್ಲಿ ನಾನ್ ಹಿಟ್ಟಿಗೆ ಮೊಸರು, ಗ್ರೇವಿಗೆ ಕೆನೆ. ಎಗ್ ರೈಸ್ ಮಾಡಿದ ಬಾಣಲೆಯಲ್ಲೇ ವೆಜ್ ರೈಸ್. ಇವನ್ನ ತಪ್ಪಿಸೋಕೆ ಆಪ್ ಬೇಡ, ಬಾಯಿ ಬೇಕು. "ವೀಗನ್ ಇದೆಯಾ?" ಅಂತ ಕೇಳಿದರೆ ಮಾಲೀಕರು ನಮ್ಮ ಮುಖ ನೋಡ್ತಾರೆ. "ಅಕ್ಕಾ, ಹಾಲು, ಮೊಸರು, ತುಪ್ಪ ಬ್ಯಾಡ್ರಿ" ಅಂದ್ರೆ ಒಂದೇ ಸಲಕ್ಕೆ ಅರ್ಥ ಆಗುತ್ತೆ. "ಯಾಕ್ರಿ, ಡಾಕ್ಟರ್ ಹೇಳ್ಯಾರೇನು?" ಅಂತ ಒಂದು ಪ್ರಶ್ನೆ ಬರಬಹುದು. ಆಮೇಲೆ ಮೊಸರಿನ ಜಾಗಕ್ಕೆ ಇನ್ನೊಂದು ಸೌಟು ಪಲ್ಯ ಬೀಳುತ್ತೆ. ಯುರೋಪಿನ ಮೆನುವಿನಲ್ಲಿ ಗುರುತು ಇರುತ್ತೆ ನಿಜ, ಹೀಗೆ ಪಲ್ಯ ಬದಲಿ ಬೀಳುತ್ತಾ ಅನ್ನೋದನ್ನ ಸೀನಿಯರ್‌ಗಳೇ ಹೇಳಬೇಕು.

ಇಲ್ಲಿ ಒಂದು ಮಾತು ನೇರವಾಗಿ ಹೇಳಬೇಕು. ಇದನ್ನೆಲ್ಲ ಓದಿ "ನೋಡಿ, ನಮ್ಮ ಪೂರ್ವಜರು ಆಗಲೇ ವೀಗನ್ ಆಗಿದ್ರು" ಅಂತ ಸ್ಟೇಟಸ್ ಹಾಕಬೇಡಿ. ಆಗಿರಲಿಲ್ಲ. ಮನೆಯಲ್ಲಿ ಹೈನು ಇದ್ದವರು ಸಂತೋಷದಿಂದ ಮೊಸರು ಸುರಿದುಕೊಂಡು ಉಂಡರು. ಇಲ್ಲದವರು ಖಾರ ಎಣ್ಣೆ ಕಲಸಿಕೊಂಡು ಉಂಡರು. ಎಷ್ಟೋ ಮನೆಗಳಲ್ಲಿ ತಟ್ಟೆಗೆ ಹಾಲು ಬಾರದ್ದು ಸಿದ್ಧಾಂತದಿಂದ ಅಲ್ಲ, ಹಾಲು ಮಾರಾಟಕ್ಕೆ ಹೋಗ್ತಿತ್ತು ಅನ್ನೋ ಕಾರಣಕ್ಕೆ. ಬಡತನವನ್ನ ತತ್ವ ಅಂತ ಹೊಗಳೋದು ಹೊಟ್ಟೆ ತುಂಬಿದವರ ಆಟ. ಈ ಅಡುಗೆ ದೊಡ್ಡದು ಅನ್ನಿಸೋದು ಬೇರೆ ಕಾರಣಕ್ಕೆ: ಕೈಗೆ ಸಿಕ್ಕ ಕಾಳು, ಸೊಪ್ಪು, ಎಣ್ಣೆಬೀಜದಲ್ಲೇ ಇಷ್ಟು ರುಚಿ ತೆಗೆದರಲ್ಲ, ಆ ಜಾಣತನಕ್ಕೆ.

ಇನ್ನೊಂದು ಎಚ್ಚರವೂ ಬೇಕು. ನಮ್ಮ ದೇಶದಲ್ಲಿ 'ಶುದ್ಧ ಸಸ್ಯಾಹಾರಿ' ಅನ್ನೋ ಬೋರ್ಡಿನ ಒಳಗೆ ಆಹಾರದ ಜತೆ ಬೇರೆಯದೂ ಅಡಗಿರುತ್ತೆ. ಯಾರು ಶುದ್ಧ, ಯಾರು ಅಲ್ಲ ಅನ್ನೋ ಹಳೇ ಲೆಕ್ಕ. ವೀಗನ್ ಆಗೋದು ಆ ಲೆಕ್ಕಕ್ಕೆ ಇನ್ನೊಂದು ಮೆಟ್ಟಿಲು ಕಟ್ಟೋದಾದ್ರೆ ಅದು ನಮಗೆ ಬೇಡ. ಹಸುವಿನ ಬಗ್ಗೆ ಕರುಣೆ ಇಟ್ಟುಕೊಂಡು ಪಕ್ಕದ ತಟ್ಟೆಯಲ್ಲಿ ಮೀನು ಇಟ್ಟುಕೊಂಡ ಗೆಳೆಯನನ್ನ ಅಸಹ್ಯದಿಂದ ನೋಡಿದರೆ, ಆ ಕರುಣೆ ಅರ್ಧಂಬರ್ಧ ಬೆಂದದ್ದು.

ಸಿಂಧನೂರೇ ಇದಕ್ಕೆ ಒಳ್ಳೆ ಪಾಠ. ತುಂಗಭದ್ರಾ ಎಡದಂಡೆ ಕಾಲುವೆ ಬಂದ ಮೇಲೆ ಎರೆಹೊಲದ ಜೋಳದ ನಾಡು ಭತ್ತದ ನಾಡಾಯ್ತು. ನೀರಿನ ಜತೆ ಆಂಧ್ರದ ರೈತರು ಬಂದು ಕ್ಯಾಂಪುಗಳಲ್ಲಿ ನೆಲೆಸಿದರು. ಪೂರ್ವ ಬಂಗಾಳ ಬಿಟ್ಟು ಬಂದ ನಿರಾಶ್ರಿತರಿಗೂ ಇದೇ ತಾಲ್ಲೂಕಿನಲ್ಲಿ ಕ್ಯಾಂಪುಗಳಾದವು. ಹಾಗಾಗಿ ಒಂದೇ ತಾಲ್ಲೂಕಿನಲ್ಲಿ ರೊಟ್ಟಿ-ಪುಂಡಿಪಲ್ಯ, ಅನ್ನ-ಪಪ್ಪು-ಗೋಂಗೂರ, ಅನ್ನ-ಮೀನು ಮೂರೂ ಇವೆ. ಪುಂಡಿಯೂ ಗೋಂಗೂರವೂ ಒಂದೇ ಸೊಪ್ಪು ಅನ್ನೋದು ಗೊತ್ತಾದ್ರೆ ಅರ್ಧ ಜಗಳ ಮುಗೀತು. ಇಂಥ ಊರಲ್ಲಿ 'ನಮ್ಮ ಊಟವೇ ನಿಜವಾದ ಊಟ' ಅನ್ನೋಕೆ ಯಾರಿಗೂ ಆಗಲ್ಲ.

ಮಸ್ಕಿಗೆ ಬಂದ್ರೆ ಇನ್ನೊಂದು ಕಥೆ. 1915ರಲ್ಲಿ ಬೀಡನ್ ಅನ್ನೋ ಗಣಿ ಇಂಜಿನಿಯರ್ (ಹೌದು, ನಮ್ಮವರೇ) ಇಲ್ಲಿನ ಬಂಡೆಯ ಮೇಲೆ ಅಶೋಕನ ಶಾಸನ ಕಂಡ. 'ದೇವಾನಂಪ್ರಿಯ' ಅನ್ನೋ ಬಿರುದಿನ ಜತೆ 'ಅಶೋಕ' ಅನ್ನೋ ಹೆಸರು ಮೊದಲು ಸಿಕ್ಕಿದ್ದು ಇಲ್ಲೇ. ಮಸ್ಕಿಯ ಶಾಸನ ಊಟದ ಮಾತು ಆಡಲ್ಲ. ಆದರೆ ಅದೇ ರಾಜ ಬೇರೆಡೆ ಕೆತ್ತಿಸಿದ ಮೊದಲನೇ ಬಂಡೆ ಶಾಸನದಲ್ಲಿ, ಕರ್ನೂಲು ಜಿಲ್ಲೆಯ ಎರ್ರಗುಡಿಯಲ್ಲೂ ಅದಿದೆ, ತನ್ನ ಅಡುಗೆಮನೆಯ ಲೆಕ್ಕ ಒಪ್ಪಿಸ್ತಾನೆ. ಹಿಂದೆ ಸಾರಿಗೆ ಅಂತ ದಿನಾ ಲಕ್ಷಾಂತರ ಪ್ರಾಣಿ ಕೊಲ್ಲುತ್ತಿದ್ದರಂತೆ. ಈಗ ಮೂರೇ: ಎರಡು ನವಿಲು, ಒಂದು ಜಿಂಕೆ, ಜಿಂಕೆಯೂ ದಿನಾ ಅಲ್ಲ. ಮುಂದೆ ಈ ಮೂರನ್ನೂ ಕೊಲ್ಲಲ್ಲ ಅಂತಾನೆ. ಅದೇ ಶಾಸನ ಬಲಿ ಬೇಡ ಅಂತ ಜನರಿಗೂ ಹೇಳುತ್ತೆ. ಆದ್ರೆ ನಮಗೆ ಹಿಡಿಸಿದ್ದು ಆ ಮೂರರ ಲೆಕ್ಕ. ಚಕ್ರವರ್ತಿಗೆ 'ನಾನು ಪೂರ್ತಿ ಬಿಟ್ಟೆ' ಅಂತ ಕೆತ್ತಿಸೋದು ಕಷ್ಟ ಇರಲಿಲ್ಲ, ಯಾರು ಚೆಕ್ ಮಾಡ್ತಿದ್ರು? ಆದರೂ ಉಳಿದ ಮೂರನ್ನ ಮುಚ್ಚಿಡಲಿಲ್ಲ. ಊಟ ಬದಲಿಸಿಕೊಳ್ಳೋರಿಗೆ ಬೇಕಾದ್ದು ಈ ಗುಣ: ಕಡಿಮೆ ಮಾಡ್ತಾ ಹೋಗೋದು, ಉಳಿದದ್ದನ್ನ ಒಪ್ಪಿಕೊಳ್ಳೋದು.

ಒಪ್ಪಿಕೊಳ್ಳಬೇಕಾದ ಇನ್ನೊಂದು ವಿಷಯ ಬಿ12. ಗಿಡಮೂಲದ ಊಟದಲ್ಲಿ ಇದು ನಂಬೋ ಹಾಗೆ ಸಿಗಲ್ಲ. ಹಾಲನ್ನೂ ಪೂರ್ತಿ ಬಿಟ್ಟವರು ಮಾತ್ರೆಯಿಂದಲೋ ಬಿ12 ಸೇರಿಸಿದ ಆಹಾರದಿಂದಲೋ ಪಡೀಲೇಬೇಕು. ಕೊರತೆಯಾದರೆ ರಕ್ತಹೀನತೆ, ನರದ ತೊಂದರೆ. "ಪ್ರಕೃತಿಯೇ ಎಲ್ಲ ಕೊಡುತ್ತೆ" ಅನ್ನೋ ರೀಲ್ ನೋಡಿ ಮಾತ್ರೆ ಬಿಡಬೇಡಿ, ವೈದ್ಯರನ್ನ ಕೇಳಿ.

ಲಿಂಗಸುಗೂರಿನ ಕಡೆ ಹೋದ್ರೆ ತೊಗರಿ ಹೊಲ, ಅದೇ ತಾಲ್ಲೂಕಿನಲ್ಲಿ ಹಟ್ಟಿ ಚಿನ್ನದ ಗಣಿ. ಚಿನ್ನದ ಬೆಲೆ ನಮಗೆ ಬೆಳಗ್ಗೆ ಎದ್ದರೆ ಫೋನಿನಲ್ಲಿ ಬರುತ್ತೆ. ರೊಟ್ಟಿಯ ಬೆಲೆ ಯಾರೂ ಕೇಳಲ್ಲ. ನಮ್ಮ ಪ್ರಕಾರ ಈ ಚರ್ಚೆಯಲ್ಲಿ ಬಹಳ ಮುಖ್ಯವಾದದ್ದು ಇದೇ. ರೊಟ್ಟಿಯನ್ನ ಚಪಾತಿ ಹಾಗೆ ಸುಲಭಕ್ಕೆ ಲಟ್ಟಿಸೋಕೆ ಬರಲ್ಲ, ಬಡೀಬೇಕು. ಖಾನಾವಳಿಯ ಹಿಂದಿನ ಕೋಣೆಯಲ್ಲಿ ಒಲೆಯ ಝಳದ ಮುಂದೆ ಕೂತು ನೂರಾರು ರೊಟ್ಟಿ ಬಡಿಯೋರು ಹೆಚ್ಚಾಗಿ ಹೆಣ್ಣುಮಕ್ಕಳು. ಅವರ ಭುಜದ ನೋವು ಯಾವ ಮೆನುವಿನಲ್ಲೂ ಇಲ್ಲ. ಹಸುವಿಗೆ ಹಿಂಸೆ ಆಗಬಾರದು ಅಂತ ಹಾಲು ಬಿಡೋ ನಾವು, ರೊಟ್ಟಿಗೆ ಎರಡು ರೂಪಾಯಿ ಜಾಸ್ತಿ ಅಂದ್ರೆ ಮುಖ ಸಿಂಡರಿಸೋದು ಯಾವ ನ್ಯಾಯ? ಕಾಫಿ ಶಾಪಿನಲ್ಲಿ ಬಾದಾಮಿ ಹಾಲಿಗೆ ಹೆಚ್ಚುವರಿ ಕೊಡುವಾಗ ಈ ಚೌಕಾಸಿ ಎಲ್ಲಿ ಹೋಗಿರುತ್ತೆ?

ಜೋಳದ ಪ್ರಶ್ನೆಯೂ ಇದೆ. ಹಿಂಗಾರಿ ಜೋಳ ಎರೆಮಣ್ಣು ಹಿಡಿದಿಟ್ಟ ತೇವದಲ್ಲೇ ಬೆಳೆದು ಬರುತ್ತೆ. ಭತ್ತಕ್ಕೆ ಗದ್ದೆ ತುಂಬ ನೀರು ಬೇಕು. ವಿಶ್ವಸಂಸ್ಥೆ 2023ನ್ನ ಸಿರಿಧಾನ್ಯ ವರ್ಷ ಅಂತ ಕರೆಯಿತು, ಜೋಳವೂ ಆ ಪಟ್ಟಿಯಲ್ಲಿತ್ತು. ಎಲ್ಲರೂ ಪೋಸ್ಟರ್ ಹಾಕಿದರು. ಆದರೆ ರೈತ ಜೋಳ ಬಿತ್ತೋದು ಪೋಸ್ಟರ್ ನೋಡಿ ಅಲ್ಲ, ತಿನ್ನೋರು ಇದ್ದಾರಾ ಅಂತ ನೋಡಿ. ತಿನ್ನೋರು ನಾವೇ ಆಗಬೇಕು.

ನಮ್ಮ ಕ್ಯಾಂಪಸ್ಸಿನಲ್ಲಿ ಆಗೋದೇನು? ಮೆಸ್ಸಿನಲ್ಲಿ ಪನೀರ್ ಇದ್ದ ದಿನ ಹಾಲು ತಿನ್ನದ ಹುಡುಗಿ ಅನ್ನ, ಉಪ್ಪಿನಕಾಯಿಯಲ್ಲಿ ಊಟ ಮುಗಿಸ್ತಾಳೆ. "ವೆಜ್ ಇದೆಯಲ್ಲ, ಇನ್ನೇನು ಬೇಕು?" ಅನ್ನೋದು ಉತ್ತರ. ಹಾಲು ಜೀರ್ಣ ಆಗದವರು ಬಹಳ ಜನ ಇದ್ದಾರೆ, ಹೇಳಿಕೊಳ್ಳೋಕೆ ನಾಚಿಕೆ. ಇನ್ನೊಂದು ಕಡೆ, ಊರಿಂದ ಕಟಕ್ ರೊಟ್ಟಿ, ಶೇಂಗಾ ಹಿಂಡಿ ಕಟ್ಟಿಕೊಂಡು ಬಂದ ರಾಯಚೂರು ಕಡೆ ಹುಡುಗ ಡಬ್ಬಿಯನ್ನ ಮಂಚದ ಕೆಳಗೇ ಇಟ್ಟಿರ್ತಾನೆ, 'ಹಳ್ಳಿ ಊಟ' ಅಂತಾರೆ ಅನ್ನೋ ಹೆದರಿಕೆಗೆ. ಒಬ್ಬಳಿಗೆ ಬೇಕಾದ ಊಟ ಇನ್ನೊಬ್ಬನ ಮಂಚದ ಕೆಳಗಿದೆ. ಇವರಿಬ್ಬರ ನಡುವೆ ಇರೋದು ಒಂದು ಮಹಡಿಯಷ್ಟೇ ಅಂತರ, ಆದರೆ ಯಾರೂ ದಾಟ್ತಿಲ್ಲ.

ಹಾಗಾಗಿ ನಮ್ಮ ಬೇಡಿಕೆ ಮೂರು. ಒಂದು, ಮೆಸ್ಸಿನ ಬೋರ್ಡಿನಲ್ಲಿ ದಿನದ ಅಡುಗೆಯ ಪಕ್ಕ 'ಹಾಲಿದೆ', 'ಹಾಲಿಲ್ಲ' ಅಂತ ಸೀಮೆಸುಣ್ಣದಲ್ಲಿ ಬರೆಯಲಿ. ಖರ್ಚು ಸೊನ್ನೆ. ಎರಡು, ವಾರಕ್ಕೆ ಒಂದು ರಾತ್ರಿ ಜೋಳದ ರೊಟ್ಟಿ, ಒಂದು ಕಾಳಿನ ಪಲ್ಯ, ಒಂದು ಹಿಂಡಿ ಇರಲಿ. ರೊಟ್ಟಿ ಬಡಿಯೋರಿಗೆ ಸರಿಯಾದ ಕೂಲಿ ಸೇರಿಸಿಯೇ ದರ ಹೇಳಲಿ, ನಾವು ಗೊಣಗದೆ ಕೊಡೋಣ. ಮೂರು, ರಜೆಗೆ ಊರಿಗೆ ಹೋದವರು ತಮ್ಮ ಊರಿನ ಖಾನಾವಳಿಗಳಲ್ಲಿ ಯಾವ ಅಡುಗೆಗೆ ಹಾಲು ಬೀಳುತ್ತೆ, ಯಾವುದಕ್ಕೆ ಬೀಳಲ್ಲ ಅಂತ ವಿಚಾರಿಸಿ ಬರೆದುಕೊಂಡು ಬರಲಿ. ಸಿಂಧನೂರು, ಮಸ್ಕಿ, ಲಿಂಗಸುಗೂರಿನಿಂದ ಶುರು ಮಾಡಿ ಕನ್ನಡದಲ್ಲೇ ಒಂದು ನಕ್ಷೆ ಮಾಡೋಣ. ಕೋಡ್ ಬರೆಯೋಕೆ ನಮ್ಮಲ್ಲಿ ಜನ ಕಡಿಮೆಯಿಲ್ಲ.

ಮುಂದಿನ ಸಲ ಯಾರಾದ್ರೂ ಬರ್ಲಿನ್ ಫೋಟೋ ಹಾಕಿದಾಗ ಲೈಕ್ ಒತ್ತಿ, ಅವರು ಚೆನ್ನಾಗಿ ಉಣ್ಣಲಿ. ಅದರ ಕೆಳಗೇ ನೀವೊಂದು ಎಣ್ಣೆಗಾಯಿ ರೊಟ್ಟಿಯ ಫೋಟೋ ಹಾಕಿ, ಊರಿನ ಹೆಸರು ಬರೆಯಿರಿ. ರೊಟ್ಟಿ ಬಡಿದವರಿಗೆ ಎಷ್ಟು ಕೊಟ್ರಿ ಅನ್ನೋದನ್ನೂ ಬರೆಯಿರಿ.