ಹಾಕಿ ನಮ್ಮೆ: 396 ತಂಡ, 395 ಸೋಲು... ಮಕ್ಕಳು ಕಲಿಯೋದು ಏನು?

ಮಡಿಕೇರಿ: ಬೇಸಿಗೆ ರಜೆ ಬಂತು ಅಂದ್ರೆ ಕೊಡಗಿನ ಮನೆಗಳಲ್ಲಿ ಮೂಲೆ ಸೇರಿದ್ದ ಹಾಕಿ ಸ್ಟಿಕ್ ಹೊರಗೆ ಬರುತ್ತದೆ. ಬೆಂಗಳೂರು, ಮೈಸೂರಿನಲ್ಲಿ ಓದುವ ಮಕ್ಕಳು ಊರಿಗೆ ಬರುತ್ತಾರೆ. ನಮ್ಮೆ ನಡೆಯುವ ಊರಿನ ಹೋಟೆಲ್, ಬೇಕರಿ, ಜ್ಯೂಸ್ ಅಂಗಡಿಯವರಿಗೆ ಅದು ವರ್ಷದ ವ್ಯಾಪಾರ. ಆ ಲೆಕ್ಕ ಎಲ್ಲರಿಗೂ ಗೊತ್ತು. ಯಾರೂ ಅಷ್ಟಾಗಿ ಹಾಕದ ಇನ್ನೊಂದು ಲೆಕ್ಕ ಇದೆ.

2025ರಲ್ಲಿ ಮಡಿಕೇರಿಯಲ್ಲಿ ನಡೆದ ಮುದ್ದಂಡ ಕಪ್‌ಗೆ 396 ಕುಟುಂಬಗಳು ಹೆಸರು ಕೊಟ್ಟಿದ್ದವು. ನಾಕೌಟ್ ಪಂದ್ಯಾವಳಿ ಅಂದ ಮೇಲೆ ಒಂದು ಪಂದ್ಯಕ್ಕೆ ಒಂದು ತಂಡ ಮನೆಗೆ. ಕಪ್ ಎತ್ತುವುದು ಒಂದೇ ಕುಟುಂಬ, ಉಳಿದ 395 ಕುಟುಂಬಗಳೂ ಎಂದೋ ಒಂದು ದಿನ ಸೋತೇ ಹೋಗಬೇಕು. ಅದರಲ್ಲಿ ಹತ್ತಿರ ಹತ್ತಿರ ಅರ್ಧ ತಂಡಗಳ ಆಟ ತಮ್ಮ ಮೊದಲ ಪಂದ್ಯಕ್ಕೇ ಮುಗಿಯುತ್ತದೆ. ತಿಂಗಳುಗಟ್ಟಲೆ ಕಾದು, ಹೊಸ ಜೆರ್ಸಿ ಹೊಲಿಸಿ, ಒಂದು ಗಂಟೆಯೊಳಗೆ ಎಲ್ಲಾ ಮುಗೀತು!

ಪಾಂಡಂಡ ಕುಟ್ಟಪ್ಪ ಅವರ ಕನಸಿನಂತೆ 1997ರಲ್ಲಿ ಕರಡದಲ್ಲಿ ಇದು ಶುರುವಾದಾಗ ಇದ್ದದ್ದು 60 ಕುಟುಂಬ. ಚದುರಿ ಹೋದ ಒಕ್ಕದವರನ್ನು ವರ್ಷಕ್ಕೊಮ್ಮೆ ಒಂದೆಡೆ ಸೇರಿಸುವುದೂ ಗುರಿಯಾಗಿತ್ತು. ಹಾಗಾಗಿಯೇ ಇಲ್ಲಿ ಆಯ್ಕೆ ಪ್ರತಿಭೆ ನೋಡಿ ಅಲ್ಲ, ಮನೆ ಹೆಸರು ನೋಡಿ. ಹೊರಗಿನ ಒಳ್ಳೆ ಆಟಗಾರನನ್ನು ಕರೆತಂದು ನಿಲ್ಲಿಸೋಕೆ ಆಗಲ್ಲ. ಮನೆಯಲ್ಲಿ ಯಾರಿದ್ದಾರೋ ಅವರೇ ತಂಡ. ಗಂಡು-ಹೆಣ್ಣು ಒಂದೇ ತಂಡದಲ್ಲಿ ಆಡುತ್ತಾರೆ, ತಾತನ ವಯಸ್ಸಿನವರ ಪಕ್ಕದಲ್ಲೇ ಹೈಸ್ಕೂಲ್ ಹುಡುಗಿ ನಿಲ್ಲುತ್ತಾಳೆ.

ಶಾಲೆಯ ಕ್ರೀಡೆ ಹೀಗಿಲ್ಲ. ಹೋಬಳಿ, ತಾಲ್ಲೂಕು ಮಟ್ಟಕ್ಕೆ ಚೆನ್ನಾಗಿ ಆಡುವವರನ್ನು ಆರಿಸುತ್ತಾರೆ, ಉಳಿದ ಮಕ್ಕಳು ಚಪ್ಪಾಳೆಗೆ. ಅದು ತಪ್ಪೂ ಅಲ್ಲ, ಗೆಲ್ಲೋ ತಂಡ ಕಟ್ಟೋದು ಹಾಗೇ. ಆದರೆ ಅಷ್ಟೇನೂ ಆಡಲು ಬಾರದ ಮಗು ಸಾವಿರಾರು ಜನರೆದುರು ಮೈದಾನಕ್ಕಿಳಿದು, ಚೆಂಡು ಬಿಟ್ಟು, ಸೋತು, ಮತ್ತೆ ಅದೇ ಮನೆಯವರ ಜೊತೆ ಕೂತು ಊಟ ಮಾಡುವ ಅವಕಾಶ ಸಿಗುವುದು ಇಂಥ ಕೌಟುಂಬಿಕ ಕ್ರೀಡೆಯಲ್ಲಿ ಮಾತ್ರ.

ಆ ಊಟದ ಹೊತ್ತಿನಲ್ಲಿ ದೊಡ್ಡವರು ಆಡುವ ಮಾತೇ ನಿಜವಾದ ಪಾಠ. ತಪ್ಪಿದ ಪೆನಾಲ್ಟಿ ಸ್ಟ್ರೋಕನ್ನು ಚಿಕ್ಕಪ್ಪ ತಮಾಷೆ ಮಾಡಿ ಬಿಟ್ಟರೆ ಹುಡುಗ ಮುಂದಿನ ವರ್ಷವೂ ಬರುತ್ತಾನೆ. 'ನಿನ್ನಿಂದಲೇ ಹೋಯ್ತು' ಅಂದುಬಿಟ್ಟರೆ ಸ್ಟಿಕ್ ಮತ್ತೆ ಮೂಲೆಗೆ. ಅಂಪೈರ್ ಮೇಲೆ ಕೂಗಾಡುವ ಅಪ್ಪನನ್ನು ನೋಡಿದ ಮಗನಿಗೆ 'ತೀರ್ಪು ಒಪ್ಪಿಕೋ' ಅಂತ ಮನೆಯಲ್ಲಿ ಹೇಳಿ ಏನು ಪ್ರಯೋಜನ? ಮಕ್ಕಳು ಕೇಳಿದ್ದಕ್ಕಿಂತ ಕಂಡದ್ದನ್ನು ಬೇಗ ಹಿಡೀತಾರೆ. ಗೌಡ ಕುಟುಂಬಗಳ ಕ್ರಿಕೆಟ್ ಇರಲಿ, ಬಡಾವಣೆಯ ಟೆನಿಸ್ ಬಾಲ್ ಟೂರ್ನಿ ಇರಲಿ, ಈ ಮಾತು ಎಲ್ಲ ಕಡೆಗೂ ಸಲ್ಲುತ್ತದೆ.

ಇನ್ನೊಂದು ಸಂಗತಿಯನ್ನು ಕೊಡಗು ಮರೆಯುವಂತಿಲ್ಲ. 2018ರಲ್ಲಿ ಕುಲ್ಲೇಟಿರ ಕಪ್ ಮುಗಿದ ಕೆಲವೇ ತಿಂಗಳಲ್ಲಿ ಗುಡ್ಡ ಕುಸಿಯಿತು, ಆಮೇಲೆ ಕೊರೊನಾ ಬಂತು. ನಮ್ಮೆ ಮತ್ತೆ ಮೊದಲಿನಂತೆ ನಡೆದದ್ದು 2023ರಲ್ಲಿ, ನಾಪೋಕ್ಲುವಿನಲ್ಲಿ, ಅಪ್ಪಚೆಟ್ಟೋಳಂಡ ಕುಟುಂಬದ ಆತಿಥ್ಯದಲ್ಲಿ. 2018ರಲ್ಲಿ ಹತ್ತು ವರ್ಷದವನಾಗಿದ್ದ ಹುಡುಗ ಅಷ್ಟೊತ್ತಿಗೆ ಎಸ್ಸೆಸ್ಸೆಲ್ಸಿ ವಯಸ್ಸಿಗೆ ಬಂದಿದ್ದ. ಮನೆಯವರ ಜೊತೆ ಆಡುತ್ತಾ ಬೆಳೆಯುವ ವರ್ಷಗಳು ಎಷ್ಟು ಕಡಿಮೆ ಅನ್ನೋದು ಆಗ ಗೊತ್ತಾಯಿತು. ಎಸ್ಸೆಸ್ಸೆಲ್ಸಿ ಆದ ಮೇಲೆ ಪಿಯುಸಿ, ಸಿಇಟಿ, ನೀಟ್. ಬೇಸಿಗೆ ರಜೆ ಕೋಚಿಂಗ್ ಪಾಲು.

ಈಗ ನಮ್ಮೆಗೆ ದೊಡ್ಡ ಹೆಸರು ಬಂದಿದೆ. 2024ರ ಕುಂಡ್ಯೋಳಂಡ ಕಪ್‌ಗೆ 360 ತಂಡ ಸೇರಿ ಗಿನ್ನೆಸ್ ದಾಖಲೆಯೂ ಆಯಿತು. ಹೆಸರು ಬೆಳೆದಷ್ಟೂ ಮನೆ ಮರ್ಯಾದೆಯ ಪ್ರಶ್ನೆಯೂ ಬೆಳೆಯುತ್ತದೆ. ಒಳ್ಳೆ ಆಟಗಾರರಿರುವ ದೊಡ್ಡ ಒಕ್ಕಗಳು ಮಕ್ಕಳನ್ನು ಬೆಂಚ್ ಮೇಲೆ ಕೂರಿಸಿ, ವಿಭಾಗೀಯ ಮಟ್ಟದಲ್ಲಿ ಆಡಿದವರನ್ನೇ ಕೊನೆವರೆಗೂ ಆಡಿಸಬೇಕು ಅಂದುಕೊಳ್ಳುವುದು ಸಹಜ. ಹನ್ನೊಂದು ಜನ ಒಟ್ಟು ಮಾಡೋದೇ ಕಷ್ಟವಾದ ಸಣ್ಣ ಒಕ್ಕದ ಮಕ್ಕಳು ಈ ವಿಷಯದಲ್ಲಿ ಅದೃಷ್ಟವಂತರು. ಅವರನ್ನು ಇಳಿಸದೆ ತಂಡವೇ ಇಲ್ಲ.

ಪರಿಹಾರಕ್ಕೆ ಹೊಸ ನಿಯಮವೇನೂ ಬೇಡ. ಹಾಕಿಯಲ್ಲಿ ಆಟ ನಡೆಯುತ್ತಿರುವಾಗಲೇ ಎಷ್ಟು ಸಲ ಬೇಕಾದರೂ ಆಟಗಾರರನ್ನು ಬದಲಿಸಬಹುದು. ಕೊನೆಯ ಐದು ನಿಮಿಷ ಬೆಂಚ್ ಮೇಲಿರುವ ಹುಡುಗ ಹುಡುಗಿಯನ್ನು ಕಳಿಸಿದರಾಯಿತು. ನಾಲ್ಕು ಗೋಲು ಹಿಂದಿರುವ ತಂಡಕ್ಕೆ ಅಷ್ಟರಲ್ಲಿ ಹೋಗೋದು ಏನೂ ಇಲ್ಲ. ನಾಲ್ಕು ಗೋಲು ಮುಂದಿರುವ ತಂಡಕ್ಕಂತೂ ಮೊದಲೇ ಇಲ್ಲ.